ಸೀಕ್ವೆನ್ಸರ್ ಮನೇಲೇ ಕಟ್ಟೋದಾದ್ರೆ 4017, ನ್ಯಾನೋ, ಪಿಕೋ ಇದ್ರಲ್ಲಿ ಯಾವ್ದು? ಮೂರೂ ಕಟ್ಟಿ ನುಡಿಸಿ ನೋಡಿದ್ಮೇಲೆ

ಮೊದ್ಲೇ ಹೇಳಿಬಿಡ್ತೀನಿ, ನನ್ನ ಓಟು 4017ಗೆ. 20 ರೂಪಾಯಿ ಆಸುಪಾಸಿನ ಒಂದು ಐಸಿ, ಎರಡು 555 ಟೈಮರ್ ಐಸಿ, ಒಂದಷ್ಟು ಪಾಟ್ (ತಿರುಗಿಸಿದ ಹಾಗೆ ರೆಸಿಸ್ಟೆನ್ಸ್ ಬದಲಾಗೋದು), ಡಯೋಡ್, ಎಲ್‌ಇಡಿ ಇಷ್ಟೇ ಹಾಕಿ ಜೀರೋ ಪಿಸಿಬಿ ಅನ್ನೋ ತೂತಿನ ಬೋರ್ಡ್ ಮೇಲೆ ಕಟ್ಟಿದ ಡಬ್ಬ ಅದು, ರಾತ್ರಿ ಊಟ ಆದ್ಮೇಲೆ ನಾನು ಕೈಗೆ ತಗೊಳ್ಳೋದು ಅದನ್ನೇ. ಪ್ರೋಗ್ರಾಮ್ ಬರೆದು ಓಡಿಸೋ ಪುಟ್ಟ ಬೋರ್ಡ್‌ಗಳಿವೆಯಲ್ಲ, ಆರ್ಡುಯಿನೋ ನ್ಯಾನೋ ಹಾಕಿ ಕಟ್ಟಿದ್ದೂ ಇದೆ, ರಾಸ್ಪ್‌ಬೆರಿ ಪೈ ಪಿಕೋ ಹಾಕಿ ಕಟ್ಟಿದ್ದೂ ಇದೆ, ಎರಡೂ ಚೆನ್ನಾಗೇ ಕೆಲ್ಸ ಮಾಡ್ತವೆ, ಆದ್ರೂ ಅವು ಕಪಾಟಲ್ಲೇ ಇರ್ತವೆ.

ಸೀಕ್ವೆನ್ಸರ್ ಅಂದ್ರೆ ಯಾವ ಹೊತ್ತಿಗೆ ಯಾವ ಸ್ವರ ಬರ್ಬೇಕು ಅಂತ ಸಾಲಾಗಿ ಹೇಳಿಕೊಡೋ ಯಂತ್ರ. ಎಂಟೋ ಹದಿನಾರೋ ಮನೆ, ಮನೆಗೊಂದು ನಾಬ್, ಒಂದು ಲೈಟ್ ಮನೆಯಿಂದ ಮನೆಗೆ ಹೋಗ್ತಾ ಇರ್ತದೆ, ಲೈಟ್ ಯಾವ ಮನೇಲಿದೆಯೋ ಆ ಮನೆಯ ಸ್ವರ ನುಡೀತದೆ. ರೋಲ್ಯಾಂಡ್ ಕಂಪನಿಯ ಡ್ರಮ್ ಯಂತ್ರ ಟಿಆರ್-808, ಬೇಸ್ ಯಂತ್ರ ಟಿಬಿ-303 ಎಲ್ಲ ಇದೇ ಹದಿನಾರು ಮನೆಯ ಲೆಕ್ಕದವು, 1982ರಲ್ಲಿ ಹಿಂದಿ ಸಿನಿಮಾ ಸಂಗೀತದ ವಾದಕ ಚರಣ್‌ಜಿತ್ ಸಿಂಗ್ ಅವರು ಅವೆರಡರ ಜೊತೆ ಜುಪಿಟರ್-8 ಸಿಂಥಸೈಜರ್ ಇಟ್ಕೊಂಡು ನಮ್ಮ ರಾಗಗಳನ್ನ ರೆಕಾರ್ಡ್ ಮಾಡಿದ್ರು, ಕೇಳಿದ್ರೆ ಇವತ್ತಿಗೂ ಮೈ ಜುಂ ಅಂತದೆ. ಆದ್ರೆ ನನಗೆ ಹದಿನಾರು ಬೇಡ. ನನಗೆ ಬೇಕಾಗಿದ್ದು ಮಿಶ್ರ ಛಾಪಿನ ಏಳು, ಖಂಡ ಛಾಪಿನ ಐದು, ರೂಪಕದ ಆರು, ಝಂಪೆಯ ಹತ್ತು. ಅದೂ ನುಡೀತಾ ಇರುವಾಗ್ಲೇ ಒಂದರಿಂದ ಇನ್ನೊಂದಕ್ಕೆ ದಾಟೋ ಹಾಗಿರ್ಬೇಕು. ಕೆಳಗೆ ಬರೆದಿದ್ದೆಲ್ಲ ಈ ಆಸೆ ಮೇಲೇ ನಿಂತಿದೆ, ನಿಮಗೆ ನಾಲ್ಕು ನಾಲ್ಕರ ಡಿಸ್ಕೋ ಬೀಟ್ ಸಾಕು ಅನ್ನೋದಾದ್ರೆ ನನ್ನ ತೀರ್ಮಾನ ನಿಮಗೆ ಹೊಂದಲ್ಲ.

4017 ಒಂದು ಎಣಿಸೋ ಐಸಿ, ಹತ್ತು ಔಟ್‌ಪುಟ್. 14ನೇ ಪಿನ್ನಿಗೆ ಕ್ಲಾಕ್, ಅಂದ್ರೆ ಲಯದ ಹೊಡೆತ, ಬಂದಾಗೆಲ್ಲ ಒಂದು ಔಟ್‌ಪುಟ್ ಆರಿ ಮುಂದಿನದು ಹತ್ತುತದೆ. ಒಂದು 555 ಕ್ಲಾಕ್ ಕೊಡ್ತದೆ, ಇನ್ನೊಂದು 555 ಸ್ವರ ಹೊರಡಿಸ್ತದೆ, ಪ್ರತಿ ಔಟ್‌ಪುಟ್ ತನ್ನದೇ 100ಕೆ ಪಾಟ್, ಅದರ ಜೊತೆಗೊಂದು 1ಕೆ, ಆಮೇಲೆ ಒಂದು 1ಎನ್4148 ಡಯೋಡ್ ದಾಟಿ ಆ ಎರಡನೇ 555ರ ಟೈಮಿಂಗ್ ಜಾಗಕ್ಕೆ ಹೋಗ್ತದೆ, ಹಾಗಾಗಿ ಯಾವ ಪಾಟಿನ ಸರದಿಯೋ ಅದರ ರೆಸಿಸ್ಟೆನ್ಸ್ ಪ್ರಕಾರ ಸ್ವರ. ಹತ್ತು ಮನೆ ಹಾಗೇ ಬಿಟ್ರೆ ಝಂಪೆ, ಏನೂ ಮಾಡೋದೇ ಬೇಡ. ಏಳು ಬೇಕಾದ್ರೆ 6ನೇ ಪಿನ್ನನ್ನ, ಅಂದ್ರೆ ಎಂಟನೇ ಮನೆಯನ್ನ, 15ನೇ ಪಿನ್ನಿನ ರೀಸೆಟ್‌ಗೆ ಕೊಟ್ರಾಯ್ತು, ಎಂಟಕ್ಕೆ ಕಾಲಿಡುತ್ಲೇ ಅದು ಒಂದಕ್ಕೆ ವಾಪಸ್. ಐದಕ್ಕೆ 1ನೇ ಪಿನ್, ಆರಕ್ಕೆ 5ನೇ ಪಿನ್, ಎಂಟಕ್ಕೆ 9ನೇ ಪಿನ್. ಒಂದೇ ಒಂದು ವೈರ್ ಜಾಗ ಬದಲಾದ್ರೆ ತಾಳ ಬದಲಾಗ್ತದೆ, ಪ್ರೋಗ್ರಾಮ್ ಇಲ್ಲ, ಲ್ಯಾಪ್‌ಟಾಪ್ ಇಲ್ಲ. ಇದನ್ನ ಮೊದಲ ಸಲ ಬ್ರೆಡ್‌ಬೋರ್ಡ್ ಮೇಲೆ ನೋಡಿದಾಗ ಆದ ಖುಷಿ ನನಗೆ ಇನ್ನೂ ಹಾಗೇ ಇದೆ.

ಆದ್ರೆ ಈ ವೈರಿನ ಜಾಗಕ್ಕೆ ರೋಟರಿ ಸ್ವಿಚ್ ಹಾಕಿದ್ಮೇಲೆ ಶುರುವಾದ ಕಾಟ ಇದೆಯಲ್ಲ, ಅದನ್ನ ಬಿಡಿಸಿ ಬರೀಲೇಬೇಕು, ಯಾಕಂದ್ರೆ ಸಿಕ್ಕ ಯಾವ ಸರ್ಕ್ಯೂಟ್ ಚಿತ್ರದಲ್ಲೂ ಇದು ಇರ್ಲಿಲ್ಲ. ಏಳರಲ್ಲಿ ಸರಿ ಓಡ್ತದೆ, ಐದರಲ್ಲಿ ಸರಿ ಓಡ್ತದೆ, ಏಳರಿಂದ ಐದಕ್ಕೆ ತಿರುಗಿಸೋ ಆ ಒಂದು ಕ್ಷಣದಲ್ಲಿ ಮಾತ್ರ ಲೈಟ್‌ಗಳು ದಿಕ್ಕಾಪಾಲು. ಒಂದ್ಸಲ ಒಂದನೇ ಮನೇಲೇ ನಿಂತುಬಿಡ್ತದೆ, ಒಂದ್ಸಲ ಮೂರಕ್ಕೆ ಹೋಗಿ ಮತ್ತೆ ಒಂದಕ್ಕೆ ಬರ್ತದೆ, ತಾಳ ಬಿದ್ದೇ ಹೋಗ್ತದೆ. ಇನ್ನೂ ವಿಚಿತ್ರ ಅಂದ್ರೆ ಸ್ವಿಚ್ಚನ್ನ ಎರಡು ಕ್ಲಿಕ್ಕಿನ ನಡುವೆ ಅರ್ಧಕ್ಕೆ ನಿಲ್ಲಿಸಿ ಬೆರಳನ್ನ ವೈರ್ ಹತ್ತಿರ ತಂದ್ರೆ, ಮುಟ್ಟೋದು ಬೇಡ ಬರೀ ಹತ್ತಿರ ತಂದ್ರೆ ಸಾಕು, ಲೈಟ್ ಓಡೋ ರೀತಿಯೇ ಬದಲಾಗ್ತಿತ್ತು.

ಐಸಿ ಬದಲಾಯಿಸಿದೆ, 555 ಪಕ್ಕಕ್ಕೆ 0.1 ಮೈಕ್ರೋಫ್ಯಾರಡ್ ಜೊತೆ 100 ಮೈಕ್ರೋಫ್ಯಾರಡ್ ಹಾಕಿದೆ (ಇದು ಹೇಗೂ ಹಾಕಲೇಬೇಕು, 555 ಹೊರಳುವಾಗ ಸಪ್ಲೈಯಿಂದ ಗಬಕ್ಕನೆ ಕರೆಂಟ್ ಎಳೀತದೆ), ಬೆಸುಗೆ ಎಲ್ಲ ಮತ್ತೊಮ್ಮೆ ಕಾಯಿಸಿದೆ, ಏನೂ ಪ್ರಯೋಜನ ಇಲ್ಲ. ಕೊನೆಗೆ ಸುಳಿವು ಕೊಟ್ಟಿದ್ದು ಮಳೆಗಾಲ. ನಮ್ಮ ತೀರ್ಥಹಳ್ಳಿ ಕಡೆ ಮಳೆ ಹಿಡಿದ್ರೆ ಕರೆಂಟ್ ಯಾವಾಗ ಬರ್ತದೆ ಯಾವಾಗ ಹೋಗ್ತದೆ ಹೇಳಕ್ಕಾಗಲ್ಲ, ಡಬ್ಬ ಬ್ಯಾಟರಿ ಮೇಲೇ ಇತ್ತು, ಮನೆಯ ಕರೆಂಟ್ ಹೋದ ತಕ್ಷಣ ಈ ಹುಚ್ಚಾಟ ಹೆಚ್ಚುಕಮ್ಮಿ ನಿಂತೇ ಹೋಯ್ತು, ಕರೆಂಟ್ ಬಂತು, ಮತ್ತೆ ಶುರು! ಅಲ್ಲಿಗೆ ಗೊತ್ತಾಯ್ತು. ಸ್ವಿಚ್ ಒಂದು ಕಾಲು ಬಿಟ್ಟು ಇನ್ನೊಂದು ಕಾಲು ಮುಟ್ಟೋ ಮಧ್ಯದಲ್ಲಿ 15ನೇ ಪಿನ್ ಯಾವುದಕ್ಕೂ ಸೇರದೆ ಅಂತರದಲ್ಲಿ ತೂಗ್ತಾ ಇರ್ತದೆ, 4017 ಥರದ ಸೀಮಾಸ್ ಐಸಿಯ ಇನ್‌ಪುಟ್ ಕರೆಂಟನ್ನೇ ಎಳೆಯಲ್ಲ ಅನ್ನೋಷ್ಟು ಸೂಕ್ಷ್ಮ, ಗೋಡೆಯೊಳಗಿನ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯನ್ನ ಆ ಗೇಣುದ್ದದ ವೈರೇ ಆಂಟೆನಾ ಆಗಿ ಹಿಡಿದು ರೀಸೆಟ್ ಅಂತ ತಿಳ್ಕೊಳ್ತದೆ.

ಮದ್ದು 50 ಪೈಸೆಯದು. 15ನೇ ಪಿನ್ನಿಂದ ಗ್ರೌಂಡಿಗೆ ಒಂದು 100ಕೆ ರೆಸಿಸ್ಟರ್. ಅಷ್ಟೇ, ಯಾರೂ ಮುಟ್ಟದಿದ್ದಾಗ ಆ ಪಿನ್ ಸೊನ್ನೆಯಲ್ಲಿ ಕೂತಿರ್ತದೆ. ಆದ್ರೆ ಇಲ್ಲಿಗೆ ಮುಗೀಲಿಲ್ಲ, ರೋಟರಿ ಸ್ವಿಚ್ಚಲ್ಲಿ ಎರಡು ಜಾತಿ ಇದೆ, ಒಂದು ಹಿಂದಿನ ಕಾಲು ಬಿಟ್ಟಾದ್ಮೇಲೆ ಮುಂದಿನದು ಮುಟ್ಟೋದು, ಇನ್ನೊಂದು ಮುಂದಿನದು ಮುಟ್ಟಿದ್ಮೇಲೆ ಹಿಂದಿನದು ಬಿಡೋದು. ಎರಡನೇ ಜಾತಿ ಹಾಕಿದ್ರೆ ತಿರುಗಿಸೋ ಮಧ್ಯದಲ್ಲಿ ಎರಡು ಔಟ್‌ಪುಟ್ ಒಂದಕ್ಕೊಂದು ಶಾರ್ಟ್. ಅಂಗಡೀಲಿ ಕೇಳಿದ್ರೆ ಯಾವುದು ಅಂತ ಹೇಳೋರು ಕಮ್ಮಿ, ಸ್ವಿಚ್ ಮೇಲೂ ಬರೆದಿರಲ್ಲ. ಮಲ್ಟಿಮೀಟರ್ ಬೀಪ್‌ಗೆ ಇಟ್ಟು ಪಕ್ಕಪಕ್ಕದ ಎರಡು ಕಾಲಿಗೆ ಪ್ರೋಬ್ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ, ನಡುವೆ ಬೀಪ್ ಅಂದ್ರೆ ಅದು ಎರಡನ್ನೂ ಒಟ್ಟಿಗೆ ಮುಟ್ಟೋ ಜಾತಿ. ನಾನೀಗ ಯಾವ ಜಾತಿ ಸಿಕ್ಕಿದ್ರೂ ಆಗ್ಲಿ ಅಂತ ಪ್ರತಿ ಔಟ್‌ಪುಟ್ಟಿಗೂ ಸ್ವಿಚ್ಚಿನ ಕಾಲಿಗೂ ನಡುವೆ ಒಂದೊಂದು 1ಎನ್4148 ಹಾಕಿಬಿಡ್ತೀನಿ. ಅದಾದ್ಮೇಲೆ ತಾಳ ಒಮ್ಮೆಯೂ ಬಿದ್ದಿಲ್ಲ.

ಇಷ್ಟು ಕಾಟ ಕೊಟ್ಟಿದ್ದನ್ನೇ ಯಾಕೆ ಹೊಗಳ್ತೀಯ ಅಂದ್ರೆ, ಮೊದಲ ಕಾರಣ ಶ್ರುತಿ. ಮಿಡಿ ಅಂದ್ರೆ ಎಲೆಕ್ಟ್ರಾನಿಕ್ ವಾದ್ಯಗಳು ಒಂದಕ್ಕೊಂದು ಸ್ವರ ಹೇಳಿಕೊಡೋ ಭಾಷೆ, ಅದರ ಸ್ವರಗಳು ಹಾರ್ಮೋನಿಯಂ ಥರ ಹನ್ನೆರಡು ಸಮ ಭಾಗ, ಒಂದೊಂದು ಭಾಗಕ್ಕೆ 100 ಸೆಂಟ್. ಅದರ ಪ್ರಕಾರ ಅಂತರ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲೆ, ಆದ್ರೆ ತಂಬೂರಿ ಜೊತೆ ಸೇರಿಹೋಗೋ 5:4ರ ಗಾಂಧಾರ ಇರೋದು 386ರ ಹತ್ತಿರ. ಹದಿನಾಲ್ಕು ಸೆಂಟ್ ಅಂದ್ರೆ ಸಣ್ಣದು ಅನ್ಸಬಹುದು, ಶ್ರುತಿ ಪೆಟ್ಟಿಗೆ ಹಾಕ್ಕೊಂಡು ಒಂದು ಗಳಿಗೆ ಕೇಳಿ, ಕಿವಿಗೆ ಅಲೆ ಅಲೆಯಾಗಿ ಹೊಡೀತದೆ. ನ್ಯಾನೋದಲ್ಲೂ ಪಿಚ್ ಬೆಂಡ್ (ಸ್ವರವನ್ನ ಸ್ವಲ್ಪ ಏರಿಸೋ ಇಳಿಸೋ ಮಿಡಿ ಸಂದೇಶ) ಕಳಿಸಿ ಸರಿ ಮಾಡ್ಬಹುದು, ಕೋಡ್ ಬರೀಬೇಕು. 4017ರಲ್ಲಿ ನಾಬ್ ಹಿಡಿದು ಆ ಅಲೆ ನಿಲ್ಲೋ ತನಕ ಕೂದಲೆಳೆಯಷ್ಟು ತಿರುಗಿಸಿದ್ರೆ ಗಾಂಧಾರ ಅಲ್ಲೇ ಕೂರ್ತದೆ. ಪಾಟಿಗೆ ಅಗಲವಾದ ದೊಡ್ಡ ನಾಬ್ ಹಾಕಿ, ಸಣ್ಣ ನಾಬಲ್ಲಿ ಇದು ಆಗೋ ಮಾತಲ್ಲ. 25 ಸುತ್ತಿನ ಟ್ರಿಮ್‌ಪಾಟ್ ಹಾಕಿದ್ರೆ ಇನ್ನೂ ನಿಖರ, ಆದ್ರೆ ಸ್ಕ್ರೂಡ್ರೈವರ್ ಹಿಡ್ಕೊಂಡು ನುಡಿಸಕ್ಕಾಗಲ್ವಲ್ಲ.

ಇದರ ಇನ್ನೊಂದು ಮುಖವನ್ನೂ ಹೇಳ್ಬೇಕು: 9 ವೋಲ್ಟ್ ಬ್ಯಾಟರಿ ಇಳೀತಾ ಬಂದ ಹಾಗೆ ಶ್ರುತಿಯೂ ಜಾರ್ತದೆ, ಡಯೋಡಿನಲ್ಲಿ ಕಳೆದುಹೋಗೋ 0.6 ವೋಲ್ಟ್ ಹಾಗೇ ಇರ್ತದೆ, ಸಪ್ಲೈ ಮಾತ್ರ ಕಮ್ಮಿ ಆಗ್ತದೆ. ನಾನು 12 ವೋಲ್ಟಿನ ಯುಪಿಎಸ್ ಬ್ಯಾಟರಿಯಿಂದ 7809 ರೆಗ್ಯುಲೇಟರ್ ಹಾಕಿ ಕೊಡ್ತೀನಿ, ಜಾರೋದು ನಿಂತಿತು.

ಎರಡನೇ ಕಾರಣ ಕರೆಂಟ್. ಮಲೆನಾಡಲ್ಲಿ ಇರೋರಿಗೆ ಇದನ್ನ ಜಾಸ್ತಿ ವಿವರಿಸೋದು ಬೇಡ. ಪವರ್ ಹೋಗಿ ಬಂದ್ರೂ ನಾಬ್‌ಗಳು ಬಿಟ್ಟಲ್ಲೇ ಇರ್ತವೆ, ಆನ್ ಮಾಡಿದ್ರೆ ಅದೇ ಸ್ವರಸಾಲು. ನ್ಯಾನೋದಲ್ಲಿ ಇದಕ್ಕೆ ಅಂತ ಈಪ್ರಾಮ್‌ಗೆ, ಅಂದ್ರೆ ಕರೆಂಟ್ ಹೋದ್ರೂ ಅಳಿಯದ ಮೆಮೊರಿಗೆ, ಬರೆಯೋ ಕೋಡ್ ಸೇರಿಸ್ಬೇಕು, ಸೇರಿಸಿದೆ, ಸರಿಯಾಗಿದೆ.

ಈಗ ನ್ಯಾನೋ. ಎಟಿಮೆಗಾ328, 16 ಮೆಗಾಹರ್ಟ್ಸ್, ಆರ್ಡುಯಿನೋ ಸಾಫ್ಟ್‌ವೇರಲ್ಲಿ ಹಳೇ ಬೂಟ್‌ಲೋಡರ್ ಆಯ್ಕೆ ಮಾಡದಿದ್ರೆ ಎಷ್ಟೋ ಅಗ್ಗದ ಬೋರ್ಡ್‌ಗಳಿಗೆ ಕೋಡೇ ಹತ್ತಲ್ಲ, ಅದೊಂದು ತಿಳ್ಕೊಂಡಿರಿ. ಇದರ ದೊಡ್ಡ ಗುಣ ಅಂದ್ರೆ ಮಿಡಿ, 1983ರಲ್ಲಿ ಬಂದ ಪದ್ಧತಿ ಇವತ್ತಿಗೂ ಅದೇ ಸೆಕೆಂಡಿಗೆ 31250 ಬಿಟ್ ವೇಗದಲ್ಲಿ ಓಡ್ತಿದೆ, ಎರಡು 220 ಓಮ್ ರೆಸಿಸ್ಟರ್, ಒಂದು ಐದು ಪಿನ್ನಿನ ಸಾಕೆಟ್ ಹಾಕಿದ್ರೆ ಭಜನೆಗೆ ತಂದಿಟ್ಟ ಹಳೇ ಕೀಬೋರ್ಡೂ ನಿಮ್ಮ ಮಾತು ಕೇಳ್ತದೆ. ಆದಿತಾಳದ ಒಂದು ಆವರ್ತಕ್ಕೆ 32 ಅಕ್ಷರ ಬೇಕಂದ್ರೆ 4017ರಲ್ಲಿ ಐಸಿ ಮೇಲೆ ಐಸಿ ಪೋಣಿಸ್ಬೇಕು, 32 ನಾಬ್ ಬೇಕು, ಇಲ್ಲಿ ಒಂದು ಸಂಖ್ಯೆ ಬದಲಾಯಿಸಿದ್ರೆ ಸಾಕು. ಇದರಲ್ಲಿ ನ್ಯಾನೋ ಗೆದ್ದೇ ಗೆಲ್ತದೆ.

ಅಣ್ಣನ ಮಗ "ಚಿಕ್ಕಪ್ಪ, ಸ್ಕ್ರೀನ್ ಇಲ್ದೆ ಇದ್ರೆ ಏನ್ ಚೆಂದ" ಅಂತ ಹಠ ಹಿಡಿದು 128x64 ಚುಕ್ಕೆಯ ಓಎಲ್‌ಇಡಿ ಸ್ಕ್ರೀನ್ ಹಾಕಿಸಿದ. ನೋಡಕ್ಕೆ ಚೆಂದವೇ. ಆದ್ರೆ ಆ ಸ್ಕ್ರೀನಿನ ಚಿತ್ರ ಇಟ್ಕೊಳ್ಳಕ್ಕೇ 1 ಕೆಬಿ ಮೆಮೊರಿ, ನ್ಯಾನೋದಲ್ಲಿ ಇರೋದೇ 2 ಕೆಬಿ. ಮೇಲಿಂದ ಸ್ಕ್ರೀನಿಗೆ ಹೋಗೋ ಐ2ಸಿ ತಂತಿಯಲ್ಲಿ 400 ಕಿಲೋಹರ್ಟ್ಸ್ ಇಟ್ರೂ ಇಡೀ ಸ್ಕ್ರೀನ್ ಒಮ್ಮೆ ಬರೆಯಕ್ಕೆ 23 ಮಿಲಿಸೆಕೆಂಡ್ ದಾಟ್ತದೆ, ನಿಮಿಷಕ್ಕೆ 120 ಮಾತ್ರೆಯ ಲಯದಲ್ಲಿ ಕಾಲು ಮಾತ್ರೆಗೆ ಸಿಗೋದೇ 125 ಮಿಲಿಸೆಕೆಂಡ್, ಒಂದು ಹೊಡೆತ ಸರಿ ಒಂದು ಹೊಡೆತ ತಡ ಆಗಿ ತಾಳ ಕುಂಟಿದ್ದು ನನ್ನ ಕಿವಿಗೆ ಚೆನ್ನಾಗೇ ಕೇಳ್ತಿತ್ತು. ಹೊಡೆತವನ್ನ ಟೈಮರ್ ಇಂಟರಪ್ಟ್‌ಗೆ (ಬೇರೆ ಕೆಲಸ ನಿಲ್ಲಿಸಿ ಸಮಯಕ್ಕೆ ಸರಿಯಾಗಿ ಓಡೋ ಕೋಡ್) ಕೊಟ್ಟು ಸ್ಕ್ರೀನಲ್ಲಿ ಬದಲಾದಷ್ಟನ್ನೇ ಬರೆಯೋ ಹಾಗೆ ಮಾಡಿದ್ಮೇಲೆ ಸರಿಹೋಯ್ತು. ನ್ಯಾನೋ ಕಟ್ಟೋರಿಗೆ ನನ್ನ ಮಾತು ಒಂದೇ, ಎಂಟು ಎಲ್‌ಇಡಿ ಹಾಕಿ, ಸ್ಕ್ರೀನ್ ಬೇಡ.

ಪಿಕೋ ಮೂರರಲ್ಲೂ ಶಕ್ತಿವಂತ, 133 ಮೆಗಾಹರ್ಟ್ಸಿನ ಎರಡು ಕೋರ್, 264 ಕೆಬಿ ಮೆಮೊರಿ, ತಾಳಕ್ಕೊಂದು ಕೋರ್ ಸ್ಕ್ರೀನಿಗೊಂದು ಕೋರ್ ಅಂತ ಹಂಚಿದ್ರೆ ಮೇಲಿನ ತಾಪತ್ರಯ ಇಲ್ಲವೇ ಇಲ್ಲ, ಯುಎಸ್‌ಬಿ ಮಿಡಿಯಾಗಿ ಫೋನಿಗೇ ಚುಚ್ಚಬಹುದು. ಮೈಕ್ರೋಪೈಥಾನಲ್ಲಿ ಬರೆದ್ರೆ ಮಧ್ಯೆ ಮಧ್ಯೆ ಅದು ಮೆಮೊರಿ ಗುಡಿಸಕ್ಕೆ ನಿಲ್ತದೆ, ತಾಳದ ಕೆಲಸಕ್ಕೆ ಸಿ ಭಾಷೆಯೇ ಸರಿ. ಪಿನ್‌ಗಳು 3.3 ವೋಲ್ಟಿನವು, 5 ವೋಲ್ಟ್ ನೇರ ಕೊಡಬೇಡಿ. ಬೋರ್ಡಿಗಿಂತ ಎನ್‌ಕೋಡರ್ (ತಿರುಗಿಸಿ ಒತ್ತಿ ಮೆನು ಆರಿಸೋ ನಾಬ್), ಸ್ಕ್ರೀನ್, ಕೊರಿಯರ್ ಅಂತ ಸುತ್ತಲಿನದಕ್ಕೇ ದುಡ್ಡು ಜಾಸ್ತಿ ಹೋಯ್ತು. ನನಗೆ ಒಗ್ಗದೇ ಇದ್ದಿದ್ದು ಮೆನು. ಏಳನೇ ಮನೆಯ ಸ್ವರ ಬದಲಾಯಿಸಕ್ಕೆ ಎನ್‌ಕೋಡರ್ ತಿರುಗಿಸಿ ಏಳಕ್ಕೆ ಹೋಗಿ ಒತ್ತಿ ಮತ್ತೆ ತಿರುಗಿಸೋ ಹೊತ್ತಿಗೆ ಮನಸ್ಸಲ್ಲಿದ್ದ ಸ್ವರ ಹೋಗಿರ್ತದೆ.

ದುಡ್ಡಿನ ಲೆಕ್ಕ ಹೇಳ್ಬೇಕಂದ್ರೆ 4017ರ ಡಬ್ಬಕ್ಕೆ ನಾಬ್, ಸ್ವಿಚ್, ಸ್ಪೀಕರ್ ಎಲ್ಲ ಸೇರಿ 600 ರೂಪಾಯಿ ಒಳಗೇ ಮುಗೀತು, ನ್ಯಾನೋದ್ದು ಸಾವಿರದ ಮೇಲೆ, ಪಿಕೋದ್ದು ಅದಕ್ಕಿಂತ ಜಾಸ್ತಿ. ಐಸಿ, ಪಾಟ್ ಎಲ್ಲ ಶಿವಮೊಗ್ಗಕ್ಕೆ ಅಡಿಕೆ ಕೆಲಸಕ್ಕೆ ಹೋದಾಗ ದುರ್ಗಿಗುಡಿ ಕಡೆ ತಗೊಂಡು ಬರ್ಬಹುದು, ಬೆಂಗಳೂರಿನ ಎಸ್‌ಪಿ ರೋಡೇ ಆಗ್ಬೇಕು ಅಂತೇನಿಲ್ಲ. ಐಸಿಗೆ ಬೇಸ್ ಹಾಕಿ ಕಟ್ಟಿದ್ರೆ ಸಿಡಿಲಿಗೆ ಹೋದ್ರೂ ಕಿತ್ತು ಹೊಸದು ಒತ್ತಿದ್ರಾಯ್ತು. ಬೋರ್ಡಿನ ತಳಕ್ಕೆ ವಾರ್ನಿಷ್ ಹೊಡೀರಿ, ಆಷಾಢ ಶ್ರಾವಣದ ಥಂಡಿಗೆ ಬರೀ ತಾಮ್ರ ಹಸಿರುಗಟ್ಟಕ್ಕೆ ಜಾಸ್ತಿ ದಿನ ಬೇಡ.

ರೆಕಾರ್ಡಿಂಗ್ ಮಾಡೋರು, ಕಂಪ್ಯೂಟರಿನ ಲಯಕ್ಕೆ ಕೂಡಿಸ್ಬೇಕು ಅನ್ನೋರು ನ್ಯಾನೋ ಕಟ್ಟಿ, ಅನುಮಾನ ಬೇಡ. ಕೈಯಲ್ಲಿ ನುಡಿಸ್ಬೇಕು, ತಾಳ ಬದಲಾಯಿಸ್ತಾ ಹೋಗ್ಬೇಕು ಅನ್ನೋರಿಗೆ 4017. ನಾನೀಗ ಎರಡನ್ನೂ ಸೇರಿಸೋ ಕೆಲಸದಲ್ಲಿದೀನಿ, ಕ್ಲಾಕ್ 555 ತೆಗೆದು ನ್ಯಾನೋ ಮಿಡಿ ಕ್ಲಾಕ್ ಕೇಳಿಸ್ಕೊಂಡು 4017ರ 14ನೇ ಪಿನ್ನಿಗೆ ಹೊಡೆತ ಕೊಡೋ ಹಾಗೆ. ಮಿಡಿ ಕ್ಲಾಕ್ ಒಂದು ಮಾತ್ರೆಗೆ 24 ಸಲ ಬರ್ತದೆ, ಆರಕ್ಕೊಂದು ಹೊಡೆತ ಕೊಟ್ರೆ ಕಾಲು ಮಾತ್ರೆ, ಹನ್ನೆರಡಕ್ಕೊಂದು ಕೊಟ್ರೆ ಅರ್ಧ. ನ್ಯಾನೋದ 5 ವೋಲ್ಟ್ 9 ವೋಲ್ಟಲ್ಲಿ ಓಡ್ತಿರೋ 4017ಗೆ ಸಾಲಲ್ಲ, ಅದು ಹೈ ಅಂತ ಒಪ್ಪಕ್ಕೆ 6 ವೋಲ್ಟಿಗಿಂತ ಮೇಲೆ ಬೇಕು, ಹಾಗಾಗಿ ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಅದರ ಕಲೆಕ್ಟರಿಂದ 9 ವೋಲ್ಟಿಗೆ ಒಂದು 10ಕೆ.