ಹಿಂದಿನ ಡಿಫ್‌ಗೆ ವೆಲ್ಡಿಂಗ್ ಹೊಡೆಸುವವರೇ, ಸ್ವಲ್ಪ ನಿಲ್ಲಿ

ಸಕಲೇಶಪುರದ ಕಡೆ ಕ್ಯಾಂಪಿಂಗ್‌ಗೆಂದೇ ಸಿದ್ಧಪಡಿಸಿದ ಫೋರ್‌ವೀಲ್ ಪಿಕಪ್ ಒಂದರ ಹಿಂದಿನ ಡಿಫರೆನ್ಷಿಯಲ್‌ಗೆ (ಡಿಫ್, ಅಂದರೆ ಎಂಜಿನ್ನಿನ ಎಳೆತವನ್ನು ಎರಡು ಚಕ್ರಗಳಿಗೆ ಹಂಚಿ, ತಿರುವಿನಲ್ಲಿ ಅವು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ), ಎರಡೂ ಚಕ್ರಗಳನ್ನು ಒಂದಾಗಿ ಬಿಗಿಯುವ ಲಾಕರ್ ದುಬಾರಿ ಅಂತ ವೆಲ್ಡಿಂಗ್ ಹೊಡೆಸಿದ್ದರು. ಒಳಗಿನ ಗೇರ್‌ಗಳಾದ ಸ್ಟಾರ್ ಪಿನಿಯನ್, ಸನ್ ಗೇರ್ ಎಲ್ಲ ಒಂದೇ ಮುದ್ದೆ, ಅಂದರೆ ಡಿಫ್ ಸದಾ ಲಾಕ್. ಬೇಸಿಗೆಯಲ್ಲಿ ಗಾಡಿ ಎಲ್ಲಿ ಬೇಕಾದರೂ ಹತ್ತಿತು. ಜುಲೈ ಮಳೆಯಲ್ಲಿ ತೋಟದ ಓರೆ ದಾರಿಯಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಹಿಂಭಾಗ ಪೂರ್ತಿ ಇಳಿಜಾರಿನ ಕಡೆಗೆ ಜಾರಿ ಚರಂಡಿಗೆ ಬಿತ್ತು. ಮೇಲೆತ್ತುವಾಗ ಎಡಗಡೆಯ ಹಾಫ್ ಶಾಫ್ಟ್ (ಡಿಫ್‌ನಿಂದ ಚಕ್ರಕ್ಕೆ ಹೋಗುವ ಸರಳು) ತುದಿಯ ಹಲ್ಲುಗಳ, ಅಂದರೆ ಸ್ಪ್ಲೈನಿನ, ಬುಡದಲ್ಲೇ ತುಂಡಾಯಿತು.

ಎರಡಕ್ಕೂ ಕಾರಣ ಒಂದೇ. ಮಾಮೂಲಿ ಓಪನ್ ಡಿಫ್‌ನಲ್ಲಿ, ಅಂದರೆ ಲಾಕ್ ಇಲ್ಲದ್ದರಲ್ಲಿ, ಹಿಡಿತ ತಪ್ಪಿದ ಒಂದು ಚಕ್ರ ಸುಮ್ಮನೆ ತಿರುಗುತ್ತದೆ, ಇನ್ನೊಂದು ನಿಂತು ಗಾಡಿಯನ್ನು ಅಡ್ಡಕ್ಕೆ ಜಾರದಂತೆ ಹಿಡಿದಿರುತ್ತದೆ. ಲಾಕ್ ಆದರೆ ಎರಡೂ ಒಟ್ಟಿಗೆ ತಿರುಗುತ್ತವೆ, ಜಾರುತ್ತಾ ತಿರುಗುವ ಟೈರಿಗೆ ಅಡ್ಡ ಹಿಡಿತ ಅಷ್ಟಾಗಿ ಇರುವುದಿಲ್ಲ. ಇನ್ನು ಓಪನ್‌ನಲ್ಲಿ ಎರಡು ಶಾಫ್ಟ್‌ಗಳೂ ಎಳೆತವನ್ನು ಸಮ ಹಂಚಿಕೊಳ್ಳುತ್ತವೆ. ಲಾಕ್ ಆದಾಗ ಹಿಡಿತ ಸಿಕ್ಕ ಒಂದೇ ಶಾಫ್ಟ್ ಅಷ್ಟನ್ನೂ ಹೊರಬೇಕು. ಡಾಂಬರಿನ ಪ್ರತಿ ತಿರುವಿನಲ್ಲೂ ಅದನ್ನು ತಿರುಚಿ ತಿರುಚಿ ದಣಿಸಿದ್ದು ಬೇರೆ. ಚಾರ್ಮಾಡಿ ಘಾಟಿಯಲ್ಲಿ ತಿರುವುಗಳಿಗೇನು ಬರವೇ?

ಹಾಗಾದರೆ ಏನು ಹಾಕಿಸಬೇಕು? ಒಂದು ಚಕ್ರ ಜಾರಿದಾಗ ಎಳೆತ ಪೂರ್ತಿ ಸೋರದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫ್‌ಗಳಲ್ಲಿ, ಕ್ಲಚ್ ಪ್ಲೇಟಿನದು ಕೆಸರಿಗೆ ಪರವಾಗಿಲ್ಲ, ಆದರೆ ಪ್ಲೇಟ್ ಸವೆಯುತ್ತದೆ. ಜಿಎಲ್-5 ದರ್ಜೆಯ ಗೇರ್ ಆಯಿಲ್ ಜೊತೆ, ಪ್ಲೇಟ್‌ಗಳು ನಯವಾಗಿ ಜಾರಲು ಬೆರೆಸುವ ಫ್ರಿಕ್ಷನ್ ಮಾಡಿಫೈಯರ್ ಹಾಕದಿದ್ದರೆ ತಿರುವಿನಲ್ಲಿ ಗಡಗಡ ಅನ್ನುತ್ತದೆ. ಹೆಲಿಕಲ್ ಗೇರಿನದು ಡಾಂಬರಿನಲ್ಲಿ ಸೊಗಸು, ಆದರೆ ಒಂದು ಚಕ್ರ ಗಾಳಿಯಲ್ಲಿ ನೇತಾಡಿದರೆ ಕೈಕೊಡುತ್ತದೆ. ಆಗ ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದರೆ ಕೊಂಚ ಎಳೆತ ಬರುತ್ತದೆ. ಥಾರ್‌ನ ಕೆಲವು ಮಾಡೆಲ್‌ಗಳಲ್ಲಿರುವ ಮೆಕ್ಯಾನಿಕಲ್ ಲಾಕರ್ ತಾನಾಗೇ ಲಾಕ್ ಆಗುತ್ತದೆ, ಆದರೆ ಎರಡು ಚಕ್ರಗಳ ನಡುವೆ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದ ಮೇಲೆ. ಅಂದರೆ ಚಕ್ರ ಮೊದಲು ಜಾರಲೇಬೇಕು, ಆಮೇಲೆ ಟಕ್ ಅಂತ ಹಿಡಿಯುತ್ತದೆ. ಓರೆ ಜಾಗದಲ್ಲಿ ಆ ಟಕ್ ಬಲು ಕೆಟ್ಟದ್ದು.

ಮಲೆನಾಡಿನ ಮಳೆಗೆ ನಾವು ಹೇಳುವುದು ಸ್ವಿಚ್ಚಿನ ಲಾಕರ್ ಮಾತ್ರ, ಏರ್ ಆಗಲಿ ಎಲೆಕ್ಟ್ರಿಕ್ ಆಗಲಿ. ಒಂದೇ ಹಾಕಿಸುವುದಾದರೆ ಹಿಂದಕ್ಕೆ. ಕೆಸರಿಗೆ ಇಳಿಯುವ ಮುಂಚೆಯೇ, ಚಕ್ರ ತಿರುಗದಿರುವಾಗ ಒತ್ತಿ. ಓರೆ ದಾರಿ ಬಂದರೆ ಆಫ್ ಮಾಡಿಬಿಡಿ.

ಆರ್ಡರ್ ಮಾಡುವ ಮೊದಲು ಹಾಫ್ ಶಾಫ್ಟ್ ಹೊರಗೆಳೆದು ಸ್ಪ್ಲೈನಿನ ಹಲ್ಲು ಎಣಿಸಿ. ಡಿಫ್‌ನ ಮುಖ್ಯ ಗೇರ್ ಜೋಡಿಯಾದ ಕ್ರೌನ್ ವೀಲ್–ಪಿನಿಯನ್‌ಗಳ ಹಲ್ಲಿನ ಅನುಪಾತ (ರೇಷಿಯೋ) ಕೂಡ ಬರೆದುಕೊಳ್ಳಿ, ಕೆಲವು ಆಕ್ಸಲ್‌ಗಳಲ್ಲಿ ರೇಷಿಯೋ ಬದಲಾದರೆ ಲಾಕರಿನ ಕೇಸೇ ಬೇರೆ. ಫಿಟ್ಟಿಂಗ್‌ನಲ್ಲಿ ಮೋಸ ಹೋಗುವುದು ಬ್ಯಾಕ್‌ಲ್ಯಾಶ್‌ನಲ್ಲಿ, ಅಂದರೆ ಈ ಎರಡು ಗೇರ್‌ಗಳ ಹಲ್ಲುಗಳ ನಡುವೆ ಬಿಡುವ ಸಣ್ಣ ಸಡಿಲಿನಲ್ಲಿ. ಕೈಯಲ್ಲಿ ಅಲ್ಲಾಡಿಸಿ "ಸರಿಯಾಗಿದೆ ಬಿಡಿ ಸಾರ್" ಅಂದರೆ ಒಪ್ಪಬೇಡಿ. ಡಯಲ್ ಗೇಜ್ ಇಟ್ಟು ಮ್ಯಾನ್ಯುಯಲ್ ಹೇಳಿದಷ್ಟೇ ಬರಬೇಕು. ಎಷ್ಟೋ ಪಿಕಪ್‌ಗಳಿಗೆ ಅದು 0.13ರಿಂದ 0.20 ಮಿ.ಮೀ. ಆಮೇಲೆ ಹಲ್ಲಿಗೆ ಬಣ್ಣದ ಪೇಸ್ಟ್ ಸವರಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ಅಂಚಿಗೆ ಬಿದ್ದರೆ ಶಿಮ್ (ಅಂತರ ಸರಿಪಡಿಸುವ ತೆಳು ವಾಷರ್) ಬದಲಿಸಿ ಮತ್ತೆ ನೋಡಿ. ಇಲ್ಲವಾದರೆ ಕೆಲವೇ ದಿನಗಳಲ್ಲಿ ಗೂಂ ಅನ್ನುವ ಸದ್ದು, ಕೊನೆಗೆ ಹಲ್ಲು ಚೂರು.

ಏರ್ ಲಾಕರಿನ ಪೈಪ್ ಸೈಲೆನ್ಸರ್ ಹತ್ತಿರ ಹೋಗದಿರಲಿ. ಲಾಕರ್ ಆಫ್ ಮಾಡಿದಾಗ ಗಾಳಿ ಬಿಡುವ ಸೊಲೆನಾಯ್ಡ್ ವಾಲ್ವಿನ ಬಾಯಿಂದ ಗೇರ್ ಆಯಿಲ್ ಚಿಮ್ಮಿದರೆ ಒಳಗಿನ ಓ-ರಿಂಗ್ (ರಬ್ಬರ್ ಸೀಲ್) ಹೋಗಿರಬಹುದು. ಡಿಫ್ ಉಸಿರಾಡುವ ಬ್ರೀದರ್ ಪೈಪನ್ನು ಬಾನೆಟ್ ಎತ್ತರಕ್ಕೆ ಏರಿಸಿ. ಬಿಸಿಯಾದ ಹೌಸಿಂಗ್ ತಣ್ಣನೆಯ ಹಳ್ಳಕ್ಕೆ ಇಳಿದರೆ ನೀರು ಒಳಗೆ ಹೀರಿಕೊಳ್ಳುತ್ತದೆ. ಹಳ್ಳ ದಾಟಿದ ಮರುದಿನ ಪ್ಲಗ್ ಬಿಚ್ಚಿ ನೋಡಿ, ಆಯಿಲ್ ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ಅಂದೇ ಬದಲಿಸಿ.