ಉಚಿತ ಆಂಟಿವೈರಸ್‌ಗಳನ್ನು ಸುತ್ತಿ ಬಂದು ಡಿಫೆಂಡರ್‌ನಲ್ಲೇ ಉಳಿದುಕೊಂಡೆ

ಮನೆ ಕಂಪ್ಯೂಟರಿಗೆ ಯಾವ ಉಚಿತ ಆಂಟಿವೈರಸ್ ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನೀಗ ಹೇಳುವುದು ಇಷ್ಟೇ: ಹೊಸದೇನೂ ಹಾಕಬೇಡಿ, ಇರುವುದನ್ನು ಸರಿಯಾಗಿ ಆನ್ ಮಾಡಿಕೊಳ್ಳಿ. ಇರುವುದು ಅಂದರೆ ವಿಂಡೋಸ್ 10 ಮತ್ತು 11ರ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್. ಹಲವು ವರ್ಷಗಳಿಂದ ಅದೊಂದೇ ನನ್ನ ಕಾವಲು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಆ ಒಂದು ಅಂಕ ಯಾಕೆ ಹೋಯಿತು ಅಂತ ಮುಂದೆ ಹೇಳುತ್ತೇನೆ.

ಮೊದಲೆಲ್ಲ ಹೀಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮೈಕ್ರೋಸಾಫ್ಟ್ 2009ರಲ್ಲಿ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅಂತ ಒಂದು ಆಂಟಿವೈರಸ್ಸನ್ನು ಉಚಿತವಾಗಿ ಕೊಟ್ಟಿತು, 2012ರಲ್ಲಿ ವಿಂಡೋಸ್ 8ರೊಳಗೇ ಆಂಟಿವೈರಸ್ ಸೇರಿಸಿತು. ಆದರೆ ಅದೇ ವರ್ಷ ಜರ್ಮನಿಯ ಎವಿ-ಟೆಸ್ಟ್ ಪ್ರಯೋಗಾಲಯದ ಪರೀಕ್ಷೆಯಲ್ಲಿ ಎಸೆನ್ಷಿಯಲ್ಸ್ ಪ್ರಮಾಣಪತ್ರವನ್ನೇ ಕಳೆದುಕೊಂಡಿತ್ತು. ಈಗ ಹಾಗಿಲ್ಲ. ರಕ್ಷಣೆ, ವೇಗ, ಬಳಕೆ ಎಂದು ತಲಾ 6 ಅಂಕದ ಮೂರು ವಿಭಾಗಗಳಲ್ಲಿ ಆ ಪ್ರಯೋಗಾಲಯ ಅಳೆಯುತ್ತದೆ. ಇತ್ತೀಚಿನ ವರ್ಷಗಳಲ್ಲಿ ಡಿಫೆಂಡರ್ ಮೂರರಲ್ಲೂ ಬಹುತೇಕ ಪೂರ್ತಿ ಅಂಕ ತೆಗೆಯುತ್ತಾ ಬಂದಿದೆ. ಹಳೆಯ ಕೆಟ್ಟ ಹೆಸರು ಮಾತ್ರ ಇನ್ನೂ ಬಿಟ್ಟಿಲ್ಲ.

ಇದಕ್ಕೂ ಮೊದಲು ಹೊರಗಿನ ಒಂದು ಉಚಿತ ಆಂಟಿವೈರಸ್ ನನ್ನ ಕಂಪ್ಯೂಟರಿನಲ್ಲಿ ಬಹಳ ಕಾಲ ಇತ್ತು. ಹೆಸರು ಬೇಡ. ವೈರಸ್ ಹಿಡಿಯುವುದರಲ್ಲಿ ಅದು ಕಮ್ಮಿ ಇರಲಿಲ್ಲ, ತಂಟೆ ಬೇರೆಯದೇ. ಸ್ಕ್ಯಾನ್ ಮುಗಿದು 'ವೈರಸ್ ಇಲ್ಲ' ಅಂತ ಹಸಿರು ಟಿಕ್ ಬರುತ್ತದೆ, ನೆಮ್ಮದಿ ಅನ್ನುವಷ್ಟರಲ್ಲಿ ಕೆಳಗೆ ಕೆಂಪಕ್ಷರದಲ್ಲಿ 'ಗಂಭೀರ ಸಮಸ್ಯೆಗಳು ಕಂಡುಬಂದಿವೆ' ಎಂಬ ಸಾಲು. ಸರಿಪಡಿಸು ಅನ್ನುವ ಬಟನ್ ಒತ್ತಿದರೆ ತೆರೆದುಕೊಳ್ಳುವುದು ಹಣ ಕಟ್ಟುವ ಪುಟ. ಸಮಸ್ಯೆ ಏನೆಂದು ನೋಡಿದರೆ ಬ್ರೌಸರಿನ ಕುಕೀಗಳು (ವೆಬ್‌ಸೈಟುಗಳು ಉಳಿಸಿಡುವ ಚಿಕ್ಕ ಫೈಲುಗಳು), ಒಂದಿಷ್ಟು ತಾತ್ಕಾಲಿಕ ಟೆಂಪ್ ಫೈಲುಗಳು! ಇನ್‌ಸ್ಟಾಲ್ ಮಾಡುವಾಗ ಜೊತೆಗೊಂದು ಬ್ರೌಸರ್, ಬಲಮೂಲೆಯಲ್ಲಿ ಹೊತ್ತಲ್ಲದ ಹೊತ್ತಲ್ಲಿ ಆಫರ್. ಮನೆಯಲ್ಲಿ ವಯಸ್ಸಾದವರು ಕಂಪ್ಯೂಟರ್ ಬಳಸುವುದಾದರೆ ಇದು ಬರೀ ಕಿರಿಕಿರಿಯಲ್ಲ, ಅಪಾಯ. ಹೆದರಿಸುವ ಪಾಪ್‌ಅಪ್ ಕಂಡೊಡನೆ ಒತ್ತುವ ಅಭ್ಯಾಸವನ್ನು ರಕ್ಷಣೆ ಕೊಡಬೇಕಾದ ಸಾಫ್ಟ್‌ವೇರೇ ಕಲಿಸಿದ ಹಾಗಾಯಿತು. ನಕಲಿ ಆಂಟಿವೈರಸ್ ಮಾರುವವರು ಕಾಯುವುದೂ ಅದೇ ಅಭ್ಯಾಸಕ್ಕೆ.

ಪಾಪ್‌ಅಪ್ ಸಹಿಸಿಕೊಂಡೇನು, ಮಾಹಿತಿಯ ವಿಷಯ ಹಾಗಲ್ಲ. ಉಚಿತ ಆಂಟಿವೈರಸ್‌ಗೆ ಹೆಸರಾದ ಅವಾಸ್ಟ್ ಕಂಪನಿ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರ ಜನವರಿಯಲ್ಲಿ ಪತ್ರಕರ್ತರ ತನಿಖೆಯಿಂದ ಬಯಲಾಯಿತು. ಜಂಪ್‌ಶಾಟ್ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿ, ಜಾಹೀರಾತಿಗಾಗಿ ಅಂಥ ಮಾಹಿತಿ ಮಾರುವುದನ್ನು ನಿಷೇಧಿಸಿತು. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. ಅಂದಹಾಗೆ ಅವಾಸ್ಟ್, ಎವಿಜಿ, ಅವಿರಾ, ನಾರ್ಟನ್ ಎಲ್ಲವೂ ಈಗ ಜೆನ್ ಡಿಜಿಟಲ್ ಅನ್ನುವ ಒಂದೇ ಕಂಪನಿಯ ಕೈಯಲ್ಲಿವೆ. ಒಂದು ಬೇಜಾರಾಗಿ ಇನ್ನೊಂದಕ್ಕೆ ಹಾರುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು. ಮೈಕ್ರೋಸಾಫ್ಟ್ ಕೂಡ ಅನುಮಾನ ಬಂದ ಫೈಲುಗಳ ಮಾದರಿಯನ್ನು ತನ್ನ ಸರ್ವರಿಗೆ ತರಿಸಿಕೊಳ್ಳುತ್ತದೆ. ಬೇಡವಾದರೆ ಸೆಟ್ಟಿಂಗ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು.

ಡಿಫೆಂಡರ್ ಮೌನಿ, ಇದೆಯೋ ಇಲ್ಲವೋ ಎಂದೇ ಮರೆತುಹೋಗುತ್ತದೆ. ಹಾಗಂತ ಬಂದದ್ದು ಬಂದ ಹಾಗೆ ಬಿಟ್ಟರೆ ಪೂರ್ತಿ ಪ್ರಯೋಜನವಿಲ್ಲ. ವಿಂಡೋಸ್ ಸೆಕ್ಯುರಿಟಿ ತೆರೆದು 'ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್' ಒಳಗೆ ಬೇಡದ ಆ್ಯಪ್‌ಗಳನ್ನು ತಡೆಯುವ ಆಯ್ಕೆ ಆನ್ ಇದೆಯೇ ನೋಡಿ. ಟೂಲ್‌ಬಾರು, ಜೊತೆಗೆ ನುಸುಳುವ ಅಡ್ಡಕಸುಬಿ ಸಾಫ್ಟ್‌ವೇರುಗಳನ್ನು ಹಿಡಿಯುವುದು ಅದೇ. 'ಟ್ಯಾಂಪರ್ ಪ್ರೊಟೆಕ್ಷನ್' ಕೂಡ ಆನ್ ಇರಲಿ, ಕಾವಲನ್ನೇ ಆಫ್ ಮಾಡಲು ಬರುವ ಮಾಲ್‌ವೇರನ್ನು (ಹಾನಿ ಮಾಡುವ ಸಾಫ್ಟ್‌ವೇರನ್ನು) ಅದು ತಡೆಯುತ್ತದೆ.

ಇನ್ನು ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ಮಾಲ್‌ವೇರ್. 'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಅನ್ನುವ ಸೌಲಭ್ಯ 2017ರಲ್ಲೇ ಬಂದಿದೆ, ಆದರೆ ತಾನಾಗಿ ಆನ್ ಆಗಿರುವುದಿಲ್ಲ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳಿಗೆ ಪರಿಚಯವಿಲ್ಲದ ಯಾವ ಪ್ರೋಗ್ರಾಮೂ ಕೈಹಾಕುವಂತಿಲ್ಲ. ಕಿರಿಕಿರಿ ಶುರುವಾಗುವುದೂ ಇಲ್ಲೇ. ಅಷ್ಟಾಗಿ ಚಾಲ್ತಿಯಲ್ಲಿಲ್ಲದ ಒಂದು ಫೋಟೋ ಎಡಿಟರಿನಲ್ಲಿ ಚಿತ್ರ ತಿದ್ದಿ ಸೇವ್ ಕೊಟ್ಟರೆ 'ಫೈಲ್ ಸಿಗಲಿಲ್ಲ' ಅನ್ನಬಹುದು. ತಪ್ಪು ಎಡಿಟರಿನದಲ್ಲ, ಡಿಫೆಂಡರ್ ತಡೆದಿರುತ್ತದೆ. 'ಪ್ರೊಟೆಕ್ಷನ್ ಹಿಸ್ಟರಿ'ಗೆ ಹೋದರೆ ತಡೆದ ಪ್ರೋಗ್ರಾಮಿನ ಹೆಸರು ಸಿಗುತ್ತದೆ, ಅಲ್ಲಿಂದಲೇ ಅನುಮತಿ ಕೊಡಬಹುದು. ಮೊದಮೊದಲು ನಾಲ್ಕಾರು ಪ್ರೋಗ್ರಾಮುಗಳಿಗೆ ಹೀಗೆ ಮಾಡಬೇಕಾಗುತ್ತದೆ, ಆಮೇಲೆ ತಣ್ಣಗಾಗುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಹೊರಗಿನ ಹಾರ್ಡ್‌ಡಿಸ್ಕಿಗೆ ಬ್ಯಾಕಪ್ ತೆಗೆದು, ಅದನ್ನು ಬಿಚ್ಚಿಡಲಿ. ತಾಳ್ಮೆ ಇರುವವರೂ ತೆಗೆದಿಡಲಿ.

ಕಳೆದ ಆ ಒಂದು ಅಂಕಕ್ಕೆ ಬರುತ್ತೇನೆ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇರುವ ಯಂತ್ರದಲ್ಲಿ ಫುಲ್ ಸ್ಕ್ಯಾನ್ ಅಂದರೆ ಅಂದಿನ ಕೆಲಸ ಮುಗಿದ ಹಾಗೇ. ಟಾಸ್ಕ್ ಮ್ಯಾನೇಜರಿನಲ್ಲಿ 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್' (ಅದು ಡಿಫೆಂಡರೇ) ಮೇಲಕ್ಕೇರಿ ಕೂರುತ್ತದೆ. ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಡಿಸ್ಕ್ ಇದ್ದರೆ ಅಷ್ಟು ಗೊತ್ತಾಗದು. ಪೆನ್‌ಡ್ರೈವ್ ಹಾಕಿದೊಡನೆ ಡಿಫೆಂಡರ್ ಅದನ್ನು ಪೂರ್ತಿ ಜಾಲಾಡುವುದಿಲ್ಲ, ಫೈಲ್ ತೆರೆದಾಗಷ್ಟೇ ನೋಡುತ್ತದೆ. ಹಾಗಾಗಿ ಹೊರಗಿಂದ ಬಂದ ಪೆನ್‌ಡ್ರೈವನ್ನು ರೈಟ್‌ಕ್ಲಿಕ್ ಮಾಡಿ ನಾನೇ ಸ್ಕ್ಯಾನ್ ಕೊಡುತ್ತೇನೆ. ಇಂಟರ್ನೆಟ್ ಇಲ್ಲದಾಗ ಇದರ ಬಲ ಕುಗ್ಗುತ್ತದೆ, ಏಕೆಂದರೆ ಅರ್ಧ ಬುದ್ಧಿ ಇರುವುದೇ ಕ್ಲೌಡ್‌ನಲ್ಲಿ, ಅಂದರೆ ಮೈಕ್ರೋಸಾಫ್ಟಿನ ಸರ್ವರುಗಳಲ್ಲಿ. ಸದಾ ಆಫ್‌ಲೈನ್ ಇರುವ ಕಂಪ್ಯೂಟರಿಗಾದರೆ ನಾನು ಬೇರೆ ಯೋಚಿಸುತ್ತೇನೆ.

ಎರಡನೇ ಅಭಿಪ್ರಾಯ ಬೇಕೆನಿಸಿದಾಗ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ ಸಾಕು. ಅದು ಕರೆದಾಗಷ್ಟೇ ಸ್ಕ್ಯಾನ್ ಮಾಡುತ್ತದೆ, ಡಿಫೆಂಡರ್ ಜೊತೆ ಜಗಳಕ್ಕಿಳಿಯುವುದಿಲ್ಲ. ಸದಾ ಕಾಯುವ ಎರಡು ಆಂಟಿವೈರಸ್‌ಗಳನ್ನು ಒಟ್ಟಿಗೆ ಓಡಿಸಲು ಮಾತ್ರ ಹೋಗಬೇಡಿ. ಒಂದೇ ಒಂದು ಫೈಲಿನ ಮೇಲೆ ಅನುಮಾನವಾದರೆ ವೈರಸ್‌ಟೋಟಲ್ ಎಂಬ ವೆಬ್‌ಸೈಟಿಗೆ ಹಾಕಿದರೆ ಹತ್ತಾರು ಆಂಟಿವೈರಸ್‌ಗಳ ತೀರ್ಪು ಒಟ್ಟಿಗೇ ಬರುತ್ತದೆ, ಆದರೆ ಖಾಸಗಿ ದಾಖಲೆಗಳನ್ನು ಅಲ್ಲಿ ಹಾಕಕೂಡದು. ಹೊರಗಿನದೇ ಬೇಕೆನ್ನುವವರಿಗೆ ಬಿಟ್‌ಡಿಫೆಂಡರ್‌ನ ಉಚಿತ ಆವೃತ್ತಿ ಇದೆ. ಅಕೌಂಟ್ ತೆರೆಯಬೇಕು, ಅಷ್ಟೇ.

ವಿಂಡೋಸ್ 10 ಇಟ್ಟುಕೊಂಡವರಿಗೆ ಒಂದು ಮಾತು. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರಿನ ವೈರಸ್ ಪಟ್ಟಿ ಮಾತ್ರ 2028ರ ಅಕ್ಟೋಬರ್‌ವರೆಗೆ ಬರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಪಟ್ಟಿ ಹೊಸದಾದರೂ ವಿಂಡೋಸ್‌ನ ತೂತು, ಅಂದರೆ ಭದ್ರತಾ ಲೋಪ, ತೂತಾಗಿಯೇ ಉಳಿಯುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದಾಗ, ಅದು ನುಗ್ಗಿದ ತೂತಿಗೆ ತೇಪೆ ಮಾರ್ಚ್‌ನಲ್ಲೇ ಬಂದಾಗಿತ್ತು. ಏಟು ತಿಂದದ್ದು ಆ ಅಪ್‌ಡೇಟ್ ಹಾಕಿರದ ಯಂತ್ರಗಳು. ನಿಮ್ಮ ಕಂಪ್ಯೂಟರ್ 11ಕ್ಕೆ ಏರುವುದಿಲ್ಲವೆಂದಾದರೆ ಬ್ಯಾಂಕಿನ ಕೆಲಸವನ್ನು ಅದರಲ್ಲಿ ನಿಲ್ಲಿಸಿ, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕುವ ಯೋಚನೆ ಮಾಡಿ.