ಸ್ಟೀಫನ್ ಕಿಂಗ್ ಅವರ ‘ಆನ್ ರೈಟಿಂಗ್’: ತಿದ್ದುವುದನ್ನು ಕಲಿಸುವ ಪುಸ್ತಕ

ಅಮೆರಿಕದ ಕಾದಂಬರಿಕಾರ ಕಿಂಗ್ ಅವರ, 2000ರಲ್ಲಿ ಬಂದ ಈ ಪುಸ್ತಕದ ಒಂದು ಭಾಗ ಆತ್ಮಕಥನ. ಕಾದಂಬರಿ ಬರೆಯುವವರಿಗೆ ನಿಜವಾಗಿ ದಕ್ಕುವುದು ತಿದ್ದುವಿಕೆಯ ಪಾಠ. ಮೊದಲ ಕರಡನ್ನು ಬಾಗಿಲು ಮುಚ್ಚಿಕೊಂಡು ಮುಗಿಸಿ, ಕನಿಷ್ಠ ಆರು ವಾರ ಎತ್ತಿಡಿ, ಆಮೇಲೆ ಓದಿ ಶೇ 10ರಷ್ಟು ಕತ್ತರಿಸಿ. ಕಾಯದೆ ಓದಿದರೆ ಹಾಳೆಯಲ್ಲಿರುವುದರ ಬದಲು ಮನಸ್ಸಿನಲ್ಲಿದ್ದದ್ದೇ ಕಾಣುತ್ತದೆ. ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ.

ಹೊಸಬರಿಗೆ ದಿನಕ್ಕೆ 1000 ಪದ ಎನ್ನುತ್ತಾರೆ ಕಿಂಗ್. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟುವುದರಿಂದ 700 ಸಾಕು. ಕ್ರಿಯಾವಿಶೇಷಣ ಕಿತ್ತುಹಾಕಿ ಎಂಬ ಸಲಹೆಯನ್ನು ಮಾತ್ರ ಹಾಗೇ ಒಪ್ಪಬಾರದು: ‘ಕೋಪದಿಂದ ಹೇಳಿದ’ ಹೋಗಲಿ, ‘ದಡಬಡ ಇಳಿದ’ ಉಳಿಯಲಿ. ಅದು ಸದ್ದನ್ನೂ ಚಿತ್ರವನ್ನೂ ಒಟ್ಟಿಗೆ ಕಟ್ಟುತ್ತದೆ. ಕಥಾಹಂದರ ಮೊದಲೇ ಹೆಣೆಯಬೇಡಿ ಎನ್ನುವ ಮಾತು ಪತ್ತೇದಾರಿ ಕಾದಂಬರಿಗೆ ಹೊಂದದು.